ಹಳೆಯ ಕ್ಯಾನೊನೆಟ್ ರಿಪೇರಿ: ಬಿಚ್ಚದೆ ಆಗುವ ಕೆಲಸ ಮೊದಲು

ಕೈಗೆ ಬಂದದ್ದು ಕ್ಯಾನನ್ ಕಂಪನಿಯ ಕ್ಯಾನೊನೆಟ್ ಕ್ಯೂಎಲ್17 ಜಿ-3 ಅನ್ನುವ ಫಿಲ್ಮ್ ಕ್ಯಾಮೆರಾ. ಟೆಸ್ಟ್ ಮಾಡಿಲ್ಲ ಎಂದು ಹೇಳಿ ಮಾರಿದ ಕ್ಯಾಮೆರಾ ಕೆಟ್ಟಿದೆ ಎಂದೇ ಲೆಕ್ಕ ಹಾಕಿ ಕೊಳ್ಳುವುದು ವಾಸಿ. ಇದೂ ಹಾಗೇ ಇತ್ತು. ಫಿಲ್ಮ್ ಮುಂದಕ್ಕೆ ಸಾಗಿಸುವ ಲಿವರ್ ಎಳೆದರೆ ಸಲೀಸಾಗಿ ಬರುತ್ತಿತ್ತು. ಬಟನ್ ಒತ್ತಿದರೆ ‘ಕ್ಲಿಕ್’ ಅನ್ನುತ್ತಿತ್ತು. ಆದರೆ ಫಿಲ್ಮಿಗೆ ಬೆಳಕು ಬಿಡುವ ಶಟರ್ ಮಾತ್ರ ತೆರೆಯುತ್ತಿರಲಿಲ್ಲ. ಹಿಂಬಾಗಿಲು ತೆಗೆದರೆ ಅಂಚಿನ ತುಂಬ ಕಪ್ಪು ಅಂಟು. ವ್ಯೂಫೈಂಡರಿನಲ್ಲಿ ಮಂಜು ಕವಿದ ಹಾಗೆ. ತಳದ ಬ್ಯಾಟರಿ ಗೂಡಿನಲ್ಲಿ ಸತ್ತುಹೋದ ಸೆಲ್, ಅದರ ಸುತ್ತ ಹಸಿರು ಕಿಲುಬು.

ಇಷ್ಟಾದರೂ ಇದನ್ನು ಬಿಡಲಿಲ್ಲ. ಯಾಕೆಂದರೆ ಲೆನ್ಸ್ ಚೆನ್ನಾಗಿತ್ತು, ಲಿವರ್ ಚೆನ್ನಾಗಿತ್ತು. ಹೊಸಬರು ಹಳೆಯ ಕ್ಯಾಮೆರಾ ಕೊಳ್ಳುವಾಗ ನೋಡಬೇಕಾದ್ದು ಈ ಎರಡನ್ನೇ ಅಂತ ನನ್ನ ಅಭಿಪ್ರಾಯ. ಉಳಿದ ಕಾಯಿಲೆಗಳಿಗೆ ಬಹಳ ಸಲ ಮದ್ದಿದೆ. ಲೆನ್ಸಿನ ಕೋಟಿಂಗನ್ನೇ ಫಂಗಸ್ ತಿಂದಿದ್ದರೆ ಮದ್ದಿಲ್ಲ. ಒಳಗಿನ ಹಲ್ಲುಚಕ್ರ ಸವೆದು ಲಿವರ್ ಜಾರುತ್ತಿದ್ದರೆ, ಬಿಡಿಭಾಗಕ್ಕೆ ಇನ್ನೊಂದು ಸತ್ತ ಕ್ಯಾಮೆರಾ ಹುಡುಕಬೇಕು.

ಲೆನ್ಸ್ ನೋಡುವ ಬಗೆ ಸುಲಭ. ಮುಂದಿನಿಂದ ಟಾರ್ಚ್ ಬಿಡಿ, ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಫಂಗಸ್. ಇಡೀ ಗಾಜಿಗೆ ಹಬೆ ಹಿಡಿದಂತಿದ್ದರೆ ಒಳಗೆ ಎಣ್ಣೆ ಆವಿಯಾಗಿ ಕೂತಿದೆ, ಅದು ಒರೆಸಿದರೆ ಹೋಗುತ್ತದೆ. ಧೂಳಿನ ಕಣಗಳು, ಒಂದೆರಡು ಸಣ್ಣ ಗೀರು ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಫೋಟೊದಲ್ಲಿ ಅವು ಕಾಣುವುದೇ ಇಲ್ಲ.

ಈ ಮಾದರಿಯ ಬಗ್ಗೆ ಒಂದು ಮಾತು. ಮೊದಲ ಕ್ಯಾನೊನೆಟ್ ಬಂದದ್ದು 1961ರಲ್ಲಿ. ಈ ಜಿ-3 ಬಂದದ್ದು 1972ರಲ್ಲಿ, 1980ರ ದಶಕದ ಆರಂಭದವರೆಗೂ ತಯಾರಾಯಿತು. 40 ಎಂಎಂ ಲೆನ್ಸ್, ಎಫ್/1.7. ಶಟರ್ ವೇಗ 1/4 ಸೆಕೆಂಡಿನಿಂದ 1/500ರವರೆಗೆ, ಜೊತೆಗೆ ‘ಬಿ’ (ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದಿರುತ್ತದೆ). ವೇಗ ನೀವು ಆರಿಸಿ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ತೂತು, ಎಫ್ ಅಂಕಿ ದೊಡ್ಡದಾದಷ್ಟು ಅದು ಸಣ್ಣದು) ರಿಂಗನ್ನು ‘ಎ’ ಗುರುತಿಗೆ ಇಟ್ಟರೆ ಎಷ್ಟು ತೆರೆಯಬೇಕು ಅಂತ ಕ್ಯಾಮೆರಾ ನೋಡಿಕೊಳ್ಳುತ್ತದೆ. ಬ್ಯಾಟರಿ ಬೇಕಾಗುವುದು ಇದಕ್ಕಾಗಿ ಬೆಳಕು ಅಳೆಯುವ ಮೀಟರಿಗೆ ಮಾತ್ರ. ಬ್ಯಾಟರಿ ಇಲ್ಲದಿದ್ದರೂ ಎಲ್ಲ ವೇಗಗಳೂ, ಎಲ್ಲ ಅಪರ್ಚರುಗಳೂ ಕೆಲಸ ಮಾಡುತ್ತವೆ. ಕಲಿಯುವವರಿಗೆ ಇದು ದೊಡ್ಡ ಅನುಕೂಲ. ಇದೇ ಕಾಲದ ಯಾಶಿಕಾ ಇಲೆಕ್ಟ್ರೊ 35 ಕೂಡ ಒಳ್ಳೆಯ ಕ್ಯಾಮೆರಾನೇ, ಆದರೆ ಅದರಲ್ಲಿ ಬ್ಯಾಟರಿ ಸತ್ತರೆ ಶಟರ್ 1/500ರಲ್ಲೇ ಬಡಿಯುತ್ತದೆ.

ಹೊಸಬರಿಗೆ ಇಂಥ ಕ್ಯಾಮೆರಾನೇ ವಾಸಿ ಅನ್ನಲು ಇನ್ನೊಂದು ಕಾರಣವೂ ಇದೆ, ಅದು ಸುರಕ್ಷತೆಯದ್ದು. 1980, 90ರ ದಶಕದ ಆಟೊಫೋಕಸ್ ಕಾಂಪ್ಯಾಕ್ಟುಗಳ ಒಳಗೆ ಫ್ಲ್ಯಾಶ್ ಇರುತ್ತದೆ. ಫ್ಲ್ಯಾಶ್ ಇದ್ದ ಕಡೆ ಸುಮಾರು 300 ವೋಲ್ಟ್ ತುಂಬಿಟ್ಟುಕೊಳ್ಳುವ ಕೆಪಾಸಿಟರ್ ಇರುತ್ತದೆ. ಬ್ಯಾಟರಿ ತೆಗೆದ ಮೇಲೂ ಅದು ಜೋರಾಗಿ ಶಾಕ್ ಹೊಡೆಯಬಲ್ಲದು. ಮೊದಲ ಸಲ ಸ್ಕ್ರೂಡ್ರೈವರ್ ಹಿಡಿಯುವವರು ಅಂಥ ಕ್ಯಾಮೆರಾದ ಹೊಟ್ಟೆ ಬಿಚ್ಚದಿರುವುದೇ ಸರಿ. ಬಿಚ್ಚಿದರೂ ಒಳಗೆ ಕಾಣುವುದು ಸರ್ಕ್ಯೂಟ್ ಹಾಳೆ. ಅದು ಕೆಟ್ಟಿದ್ದರೆ ಮಾಡುವುದಕ್ಕೆ ಏನೂ ಇಲ್ಲ. ಕ್ಯಾನೊನೆಟ್‌ನಲ್ಲಿ ಒಳಗಡೆ ಫ್ಲ್ಯಾಶ್ ಇಲ್ಲ.

ಕೆಲಸದ ಕ್ರಮ ಹೀಗೆ ಇಟ್ಟುಕೊಂಡೆ: ಒಂದೂ ಸ್ಕ್ರೂ ಬಿಚ್ಚದೆ ಆಗುವ ಕೆಲಸ ಮೊದಲು. ಮುಂದಿನ ರಿಂಗ್ ತೆಗೆದರೆ ಆಗುವುದು ಆಮೇಲೆ. ಮೇಲಿನ ಕವಚ ಎತ್ತುವುದು ಕೊನೆಗೆ, ಅದೂ ಬೇಕೇ ಬೇಕು ಅಂತಾದರೆ.

ಕಪ್ಪು ಅಂಟು

ಆ ಕಾಲದ ಜಪಾನಿ ಕ್ಯಾಮೆರಾಗಳೆಲ್ಲದರ ಕಥೆ ಇದೇ. ಹಿಂಬಾಗಿಲ ಸಂದಿಯಲ್ಲಿ ಬೆಳಕು ನುಗ್ಗದಿರಲಿ ಅಂತ ಪಾಲಿಯುರೆಥೇನ್ ಫೋಮ್ ಹಾಕುತ್ತಿದ್ದರು. ಗಾಳಿಯ ತೇವಕ್ಕೆ ಅದು ವರ್ಷಗಟ್ಟಲೆ ಕರಗುತ್ತಾ ಕರಗುತ್ತಾ ಡಾಂಬರಿನಂತೆ ಆಗುತ್ತದೆ. ಕ್ಯಾಮೆರಾವನ್ನು ಬಳಸದೆ ಪೆಟ್ಟಿಗೆಯಲ್ಲೇ ಇಟ್ಟಿದ್ದರೂ ಇದು ತಪ್ಪುವುದಿಲ್ಲ.

ಕೆರೆಯುವ ಮೊದಲು ಒಂದು ಕೆಲಸ ಮಾಡಿ. ಫಿಲ್ಮ್ ಕೂರುವ ಚೌಕಕ್ಕೆ ಸರಿಯಾಗಿ ಕಾಗದ ಕತ್ತರಿಸಿ, ಅಂಟು ಬಿಡದ ಟೇಪಿನಿಂದ ಮುಚ್ಚಿ. ಈ ಕಪ್ಪು ಚೂರು ಲೆನ್ಸಿನ ಹಿಂದಿನ ಗಾಜಿನ ಮೇಲೆ ಬಿದ್ದರೆ ಇರುವ ಕೆಲಸದ ಮೇಲೆ ಇನ್ನೊಂದು ಕೆಲಸ. ಮೇಜಿನ ಮೇಲೆ ಹಳೆಯ ಬಟ್ಟೆ ಹಾಸಿ, ಕೈಗವಸು ಹಾಕಿಕೊಳ್ಳಿ. ಇದು ಅಂಗಿಗೆ ಹತ್ತಿದರೆ ಹೋಗುವುದಿಲ್ಲ.

ಬಳಸಿದ್ದು ಐಸೊಪ್ರೊಪೈಲ್ ಆಲ್ಕೋಹಾಲ್, ಹಲ್ಲುಕಡ್ಡಿ ಮತ್ತು ಹತ್ತಿ ಸುತ್ತಿದ ಕಡ್ಡಿಗಳು. ಲೋಹದ ಚೂಪು ವಸ್ತು ಬೇಡ, ಕಪ್ಪು ಬಣ್ಣ ಕಿತ್ತು ಬರುತ್ತದೆ. ಕಾಲುವೆಯಂಥ ಸಂದಿಗೆ ಎರಡು ಹನಿ ಆಲ್ಕೋಹಾಲ್ ಬಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕಾಯಿರಿ. ಮೆತ್ತಗಾದ ಮೇಲೆ ಹಲ್ಲುಕಡ್ಡಿಯನ್ನು ಒಂದೇ ದಿಕ್ಕಿಗೆ ಎಳೆದರೆ ಉದ್ದಕ್ಕೆ ಸುರುಳಿಯಾಗಿ ಬರುತ್ತದೆ. ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಬರೀ ಹರಡುತ್ತದೆ. ಆತುರ ಪಟ್ಟರೆ ಈ ಕೆಲಸ ಸಾಗುವುದಿಲ್ಲ. ಹತ್ತಿ ಬೆಳ್ಳಗೆ ಬರುವವರೆಗೂ ಒರೆಸಬೇಕು. ಇಲ್ಲದಿದ್ದರೆ ಹೊಸ ಫೋಮಿನ ಅಂಟು ಹಿಡಿಯುವುದಿಲ್ಲ.

ಹೊಸದಾಗಿ ಹಾಕಿದ್ದು ಎರಡು ಬಗೆ. ಮೇಲಿನ ಮತ್ತು ಕೆಳಗಿನ ಕಿರಿದಾದ ಕಾಲುವೆಗಳಿಗೆ ಕಪ್ಪು ಉಣ್ಣೆ ದಾರ. ಫೋಮಿಗಿಂತ ದಾರವೇ ನನಗೆ ಇಷ್ಟ. ಅದು ಮುಂದೆ ಕರಗಿ ಅಂಟಾಗುವುದಿಲ್ಲ, ಬೇಕೆಂದಾಗ ಎಳೆದು ತೆಗೆಯಬಹುದು. ಕಾಲುವೆಯಲ್ಲಿ ಅಲ್ಲಲ್ಲಿ ಚುಕ್ಕಿಯಷ್ಟು ಅಂಟು ಇಟ್ಟು ದಾರವನ್ನು ಒತ್ತಿ ಕೂರಿಸಿದೆ. ಬಾಗಿಲು ಮುಚ್ಚಲು ಜಾಸ್ತಿ ಬಲ ಬೇಕಾದರೆ ದಾರ ದಪ್ಪವಾಯಿತು ಅಂತ ಅರ್ಥ. ಒಂದು ಎಳೆ ಬಿಡಿಸಿ ತೆಳ್ಳಗೆ ಮಾಡಿ. ಕೀಲಿನ ಕಡೆಗೆ ಅಗಲವಾದ ಪಟ್ಟಿ ಬೇಕು, ಅಲ್ಲಿ ತೆಳುವಾದ ಕಪ್ಪು ಫೆಲ್ಟ್ ಹಚ್ಚಿದೆ. ಅಂಟುಬೆನ್ನಿನ ಪಟ್ಟಿ ಹಚ್ಚುವಾಗ ಬೆನ್ನನ್ನು ಸ್ವಲ್ಪ ಒದ್ದೆ ಮಾಡಿಕೊಂಡರೆ ಒಳ್ಳೆಯದು. ತಕ್ಷಣ ಹಿಡಿದುಕೊಳ್ಳುವುದಿಲ್ಲ, ಸರಿಯಾದ ಜಾಗಕ್ಕೆ ಜಾರಿಸಲು ಸಮಯ ಸಿಗುತ್ತದೆ.

ಬ್ಯಾಟರಿ ಗೂಡು

ಈ ಕ್ಯಾಮೆರಾಗೆಂದು ಮಾಡಿದ್ದು 625 ಅಳತೆಯ ಪಾದರಸದ ಸೆಲ್, 1.35 ವೋಲ್ಟ್. ಪಾದರಸ ವಿಷ ಅನ್ನುವ ಕಾರಣಕ್ಕೆ ಅಂಥ ಸೆಲ್ಲುಗಳ ತಯಾರಿಕೆ ನಿಂತುಹೋಗಿದೆ. ಗೂಡಿನಲ್ಲಿ ಹಳೆಯದು ಸಿಕ್ಕರೆ ಬರಿಗೈಯಲ್ಲಿ ಮುಟ್ಟಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.

ಸೋರಿದ್ದು ಕ್ಷಾರ. ಹಾಗಾಗಿ ಹತ್ತಿ ಕಡ್ಡಿಗೆ ಸ್ವಲ್ಪ ವಿನೆಗರ್ ಹಚ್ಚಿ ಒರೆಸಿದರೆ ಹಸಿರು ಕರಗುತ್ತದೆ. ಆಮೇಲೆ ಆಲ್ಕೋಹಾಲಿನಿಂದ ಒರೆಸಿ ಒಣಗಿಸಬೇಕು. ಸಂಪರ್ಕದ ತಗಡು ಹೊಳೆಯುವವರೆಗೂ ನುಣುಪಾದ ಉಜ್ಜುಕಾಗದದಿಂದ (ವಾಟರ್ ಪೇಪರ್) ಮೆಲ್ಲಗೆ ಉಜ್ಜಿದೆ. ಇಷ್ಟಾದ ಮೇಲೂ ಮೀಟರ್ ಸತ್ತೇ ಇದ್ದರೆ ಅನುಮಾನ ಪಡಬೇಕಾದ್ದು ಗೂಡಿನಿಂದ ಹೊರಡುವ ತಂತಿಯನ್ನು. ಕಿಲುಬು ಪ್ಲಾಸ್ಟಿಕ್ ಹೊದಿಕೆಯ ಒಳಗೇ ತಂತಿಯ ಉದ್ದಕ್ಕೂ ಹರಿದು ಹೋಗಿರುತ್ತದೆ. ಹೊರಗಿನಿಂದ ನೋಡಿದರೆ ತಂತಿ ಹೊಸದರಂತಿರುತ್ತದೆ, ಒಳಗೆ ಪುಡಿ. ನನ್ನದರಲ್ಲಿ ಪುಣ್ಯಕ್ಕೆ ತಂತಿ ಉಳಿದಿತ್ತು. ಮಲ್ಟಿಮೀಟರ್ ಇಟ್ಟು ನೋಡಿದರೆ ಕೂಡಲೇ ಗೊತ್ತಾಗುತ್ತದೆ.

ಈಗ ಬದಲಿ ಸೆಲ್. ಮೂರು ದಾರಿ ಇದೆ.

ಸುಲಭಕ್ಕೆ ಸಿಗುವುದು ಆಲ್ಕಲೈನ್, 1.5 ವೋಲ್ಟ್. ವೋಲ್ಟೇಜ್ ಜಾಸ್ತಿಯಾದರೆ ಮೀಟರಿನ ಸೂಜಿ ಜಾಸ್ತಿ ಏರುತ್ತದೆ, ಬೆಳಕು ಇರುವುದಕ್ಕಿಂತ ಹೆಚ್ಚಿದೆ ಅಂದುಕೊಳ್ಳುತ್ತದೆ, ಅಪರ್ಚರನ್ನು ಸಣ್ಣದು ಮಾಡುತ್ತದೆ. ಫೋಟೊ ಕಪ್ಪಾಗುತ್ತದೆ. ತೊಂದರೆ ಅಷ್ಟೇ ಅಲ್ಲ. ಆಲ್ಕಲೈನ್ ಸೆಲ್ ಬಳಸಿದಂತೆಲ್ಲ ಅದರ ವೋಲ್ಟೇಜ್ ಇಳಿಯುತ್ತಾ ಹೋಗುತ್ತದೆ. ಇವತ್ತು ಒಂದು ತಪ್ಪು, ಮುಂದಿನ ತಿಂಗಳು ಇನ್ನೊಂದು ತಪ್ಪು. ಎರಡನೆಯದು ಸಿಲ್ವರ್ ಆಕ್ಸೈಡ್, 1.55 ವೋಲ್ಟ್. ಅದು ಕೊನೆಯವರೆಗೂ ಒಂದೇ ಸಮ ಇರುತ್ತದೆ, ಹಾಗಾಗಿ ತಪ್ಪೂ ಒಂದೇ ಸಮ. ಐಎಸ್‌ಒ ಅಂಕಿಯನ್ನು (ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) ಸ್ವಲ್ಪ ಇಳಿಸಿಟ್ಟು ಸರಿದೂಗಿಸಬಹುದು. ಇಲ್ಲವೇ ಒಳಗೆ ಸಣ್ಣ ಡಯೋಡ್ ಇರುವ ಅಡಾಪ್ಟರಿನಲ್ಲಿ ಹಾಕಿದರೆ ವೋಲ್ಟೇಜ್ ತಾನೇ ಇಳಿಯುತ್ತದೆ.

ನಾನು ಆರಿಸಿದ್ದು ಮೂರನೆಯದು. ಶ್ರವಣ ಸಾಧನಕ್ಕೆ ಹಾಕುವ 675 ಜಿಂಕ್-ಏರ್ ಸೆಲ್. ಸುಮಾರು 1.4 ವೋಲ್ಟ್, ಕಡೆಯವರೆಗೂ ಹೆಚ್ಚು ಕಡಿಮೆ ಒಂದೇ ಸಮ. ಮೇಲಿನ ಸ್ಟಿಕರ್ ಕಿತ್ತು ಐದು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಬೇಕು. ಒಮ್ಮೆ ಸ್ಟಿಕರ್ ಕಿತ್ತರೆ ಬಳಸಿದರೂ ಬಳಸದಿದ್ದರೂ ಕೆಲವು ತಿಂಗಳಲ್ಲಿ ಸಾಯುತ್ತದೆ, ಅದೊಂದು ಇದರ ದೋಷ. ಇದರ ಅಗಲ 11.6 ಎಂಎಂ. ಗೂಡು ಇರುವುದು 16 ಎಂಎಂ ಹತ್ತಿರದ ಸೆಲ್ಲಿಗೆ. ಸುತ್ತ ಒಂದು ರಬ್ಬರ್ ಓ-ರಿಂಗ್ ಹಾಕಿದರೆ ಅಲ್ಲಾಡದೆ ನಡುವೆ ಕೂರುತ್ತದೆ.

ಹಿಂದುಗಡೆಯ ಬ್ಯಾಟರಿ ಚೆಕ್ ಬಟನ್ ಒತ್ತಿದೆ. ದೀಪ ಹತ್ತಿತು. ಐಎಸ್‌ಒ 200, ವೇಗ 1/250 ಇಟ್ಟು ಬಿಸಿಲಿನಲ್ಲಿರುವ ವಸ್ತುವಿಗೆ ಹಿಡಿದು ನೋಡಿದೆ. ಸೂಜಿ ವ್ಯೂಫೈಂಡರಿನ ಬಲಗಡೆಯ ಅಂಕಿಗಳಲ್ಲಿ 16ರ ಹತ್ತಿರ ನಿಂತಿತು. ಬಟಾಬಯಲಿನ ಬಿಸಿಲಿಗೆ ಎಫ್/16, ವೇಗ ಐಎಸ್‌ಒಗೆ ಸಮೀಪದ್ದು ಅನ್ನುವ ಹಳೆಯ ಲೆಕ್ಕಕ್ಕೆ ಇದು ಸರಿಯಾಗಿ ಕೂರುತ್ತದೆ. ಅದೇ ಬಿಸಿಲಿನಲ್ಲಿ ವೇಗವನ್ನು 1/60ಕ್ಕೆ ಇಳಿಸಿದರೆ ಸೂಜಿ ಕೆಂಪು ಪಟ್ಟಿಗೆ ಹೋಗಿ, ಬಟನ್ ಒತ್ತಲು ಬಿಡಬಾರದು. ಬಿಡಲಿಲ್ಲ. ಹಾಗಾದರೆ ಬೀಗವೂ ಸರಿ. ಕೋಣೆಯೊಳಗಿನ ಖಾಲಿ ಗೋಡೆಗೆ ಹಿಡಿದು, ಫೋನಿನ ಮೀಟರ್ ಆ್ಯಪ್ ಜೊತೆಗೂ ಹೋಲಿಸಿದೆ. ಹೊರಗೆ, ನೆರಳಲ್ಲಿ, ಒಳಗೆ, ಮೂರು ಕಡೆಯೂ ನೋಡಬೇಕು. ಮೂರು ಕಡೆಯೂ ಒಂದೇ ಅಳತೆಯ ವ್ಯತ್ಯಾಸ ಬಂದರೆ ಐಎಸ್‌ಒ ರಿಂಗ್ ತಿರುಗಿಸಿ ಸರಿಮಾಡಿಕೊಳ್ಳಬಹುದು. ಒಂದೊಂದು ಕಡೆ ಒಂದೊಂದು ಥರ ಬಂದರೆ ಮೀಟರಿನ ಕಣ್ಣೇ ದಣಿದಿದೆ. ಆಗ ಮೀಟರ್ ನಂಬದೆ ಮ್ಯಾನ್ಯುಯಲ್ಲಾಗಿ ಬಳಸಿ.

ಈ ಮೀಟರಿಗೆ ಬೇರೆ ಸ್ವಿಚ್ ಇಲ್ಲ. ಅಪರ್ಚರ್ ರಿಂಗನ್ನು ‘ಎ’ಯಿಂದ ಆಚೆ ತಿರುಗಿಸಿದರೆ ಆರಿಹೋಗುತ್ತದೆ. ಕೆಲಸ ಮುಗಿದ ಮೇಲೆ ಹಾಗೆ ತಿರುಗಿಸಿಡುವುದನ್ನು ರೂಢಿ ಮಾಡಿಕೊಳ್ಳಿ.

ಅಂಟಿಕೊಂಡ ಶಟರ್

ಇಷ್ಟು ಹೊತ್ತು ಮಾಡಿದ್ದು ಸೋಪು ನೀರಿನ ಕೆಲಸ ಅಂತಿಟ್ಟುಕೊಳ್ಳಿ. ನಿಜವಾದ ರಿಪೇರಿ ಇಲ್ಲಿಂದ ಶುರು.

ಲೀಫ್ ಶಟರ್ ಅಂದರೆ ಲೆನ್ಸಿನ ಗಾಜುಗಳ ನಡುವೆ ಕೂತಿರುವ ತೆಳು ಉಕ್ಕಿನ ರೆಕ್ಕೆಗಳು. ಅವು ಪೂರ್ತಿ ಒಣಗಿರಬೇಕು. ಫೋಕಸ್ ರಿಂಗಿನ ಗ್ರೀಸಿನಿಂದ ಎಣ್ಣೆ ವರ್ಷಗಳು ಕಳೆದಂತೆ ಬೇರ್ಪಟ್ಟು, ರೆಕ್ಕೆಗಳ ನಡುವೆ ಸೇರಿಕೊಳ್ಳುತ್ತದೆ. ಎಷ್ಟು ಕಡಿಮೆ ಎಣ್ಣೆ ಅಂದರೆ ಕಣ್ಣಿಗೆ ಕಾಣುವುದೂ ಇಲ್ಲ. ಆದರೆ ಎರಡು ಗಾಜಿನ ಹಲಗೆಗಳ ನಡುವೆ ನೀರು ಸೇರಿದರೆ ಹೇಗೆ ಅಂಟಿಕೊಳ್ಳುತ್ತವೋ ಹಾಗೆ ರೆಕ್ಕೆಗಳು ಒಂದಕ್ಕೊಂದು ಅಂಟುತ್ತವೆ. ಒಳಗಿನ ಸ್ಪ್ರಿಂಗ್ ತುಂಬ ಸಣ್ಣದು, ಅದನ್ನು ಬಿಡಿಸುವ ಬಲ ಅದಕ್ಕಿಲ್ಲ. ಆದ್ದರಿಂದಲೇ ‘ಕ್ಲಿಕ್’ ಕೇಳುತ್ತದೆ, ಬೆಳಕು ಮಾತ್ರ ಬರುವುದಿಲ್ಲ.

ಕ್ಯಾನೊನೆಟ್‌ನಲ್ಲಿ ರೆಕ್ಕೆಗಳಿಗೆ ದಾರಿ ಮುಂದಿನಿಂದ ಸಿಗುತ್ತದೆ. ಲೆನ್ಸಿನ ಹೆಸರು ಬರೆದ ರಿಂಗನ್ನು ಮೊದಲು ತೆಗೆಯಬೇಕು. ಅದಕ್ಕೆ ಉಪಕರಣ ಹಿಡಿಯುವ ತೂತು ಇಲ್ಲ. ನಡುವೆ ಟೊಳ್ಳು ಇರುವ, ಆ ರಿಂಗಿನಷ್ಟೇ ಅಗಲದ ರಬ್ಬರ್ ತುಂಡು ಒತ್ತಿ ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ರಬ್ಬರ್ ಗಾಜಿಗೆ ತಾಗಬಾರದು. ಅದರ ಕೆಳಗೆ ಮುಂದಿನ ಗಾಜುಗಳ ಇಡೀ ಗುಂಪು ಒಂದೇ ತುಂಡಾಗಿ ಕೂತಿರುತ್ತದೆ, ಅಂಚಿನಲ್ಲಿ ಎರಡು ಕಚ್ಚುಗಳಿರುತ್ತವೆ. ಇದಕ್ಕೆ ಲೆನ್ಸ್ ಸ್ಪ್ಯಾನರ್ ಬೇಕು. ಕತ್ತರಿ, ಚಿಮಟ ಹಾಕಲು ಹೋಗಬೇಡಿ. ಒಮ್ಮೆ ಜಾರಿದರೆ ಚೆನ್ನಾಗಿದ್ದ ಲೆನ್ಸಿನ ಮೇಲೇ ಗೀರು ಬೀಳುತ್ತದೆ.

ಇಲ್ಲೊಂದು ವಿಷಯ ಗಮನಿಸಿ. ಕ್ಯಾನೊನೆಟ್‌ನಲ್ಲಿ ಫೋಕಸ್ ಮಾಡುವಾಗ ಇಡೀ ಲೆನ್ಸ್ ಹಿಂದೆ ಮುಂದೆ ಹೋಗುತ್ತದೆ. ಹಾಗಾಗಿ ಮುಂದಿನ ಗುಂಪನ್ನು ವಾಪಸ್ ಹಾಕುವಾಗ ಪೂರ್ತಿ ಬಿಗಿಮಾಡಿದರೆ ಸಾಕು, ಫೋಕಸ್ ಬದಲಾಗುವುದಿಲ್ಲ. ಒಲಿಂಪಸ್ ಟ್ರಿಪ್ 35ರಂಥ ಕ್ಯಾಮೆರಾಗಳಲ್ಲಿ ಹಾಗಲ್ಲ. ಅಲ್ಲಿ ಮುಂದಿನ ಗಾಜೇ ತಿರುಗಿ ಫೋಕಸ್ ಆಗುತ್ತದೆ. ಬಿಚ್ಚುವ ಮೊದಲು ಗೀಟೆಳೆದು ಗುರುತು ಮಾಡದಿದ್ದರೆ ಆಮೇಲೆ ಒದ್ದಾಡಬೇಕು.

ಗಾಜು ತೆಗೆದ ಮೇಲೆ ರೆಕ್ಕೆಗಳು ಎದುರಿಗೇ ಇವೆ. ಲೈಟರಿಗೆ ತುಂಬುವ ನ್ಯಾಫ್ತಾ ಇದಕ್ಕೆ ಸರಿಯಾದ ದ್ರವ. ಬೇಗ ಆವಿಯಾಗುತ್ತದೆ, ಹಿಂದೆ ಏನೂ ಉಳಿಸುವುದಿಲ್ಲ. ಬೇಗ ಹೊತ್ತಿಯೂ ಕೊಳ್ಳುತ್ತದೆ, ಆದ್ದರಿಂದ ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ. ಹತ್ತಿ ಕಡ್ಡಿಯ ತುದಿಗೆ ಒಂದೇ ಹನಿ ಹಾಕಿ ರೆಕ್ಕೆಗಳ ನಡುವಿಗೆ ಮುಟ್ಟಿಸಿದೆ. ಬಾಟಲಿಯಿಂದ ನೇರ ಸುರಿಯುವವರೂ ಇದ್ದಾರೆ. ಹಾಗೆ ಸುರಿದರೆ ಎಣ್ಣೆ ಕರಗಿ ಹಿಂದಕ್ಕೆ ಹರಿದು ಅಪರ್ಚರ್ ರೆಕ್ಕೆಗಳ ಮೇಲೂ ಹಿಂದಿನ ಗಾಜಿನ ಮೇಲೂ ಕೂರುತ್ತದೆ. ಕಾಯಿಲೆ ಜಾಗ ಬದಲಿಸುತ್ತದೆ ಅಷ್ಟೇ.

ವೇಗವನ್ನು ‘ಬಿ’ಗೆ ಇಟ್ಟು, ಲಿವರ್ ಎಳೆದು, ಬಟನ್ ಒತ್ತಿದೆ. ರೆಕ್ಕೆಗಳು ಮೆಲ್ಲಗೆ, ನಿದ್ದೆಗಣ್ಣಿನಲ್ಲಿ ತೆರೆದವು. ಟಿಶ್ಯೂ ಕಾಗದದ ಮೂಲೆಯಿಂದ ದ್ರವ ಹೀರಿದೆ, ಕಾಗದದ ಮೇಲೆ ಹಳದಿ ಕಲೆ. ಮತ್ತೆ ಒಂದು ಹನಿ, ಮತ್ತೆ ಒತ್ತು, ಮತ್ತೆ ಹೀರು. ಕಾಗದ ಬೆಳ್ಳಗೆ ಬರುವವರೆಗೂ ಇದೇ. ರೆಕ್ಕೆಗಳನ್ನು ಕಡ್ಡಿಯಿಂದ ತಳ್ಳಿ ತೆರೆಯಬೇಡಿ, ಕಾಗದದಷ್ಟು ತೆಳ್ಳಗಿರುತ್ತವೆ, ಬಾಗಿದರೆ ಮುಗಿಯಿತು. ಕೆಲಸ ಸಲೀಸಾಗಲಿ ಅಂತ ಎಣ್ಣೆ ಬಿಡುವುದಂತೂ ಬೇಡವೇ ಬೇಡ.

ಇನ್ನೊಂದು ಎಚ್ಚರ. ನ್ಯಾಫ್ತಾ ಒದ್ದೆ ಇರುವಾಗ ಶಟರ್ ಚೆನ್ನಾಗಿಯೇ ಓಡುತ್ತದೆ, ಸರಿಹೋಯಿತು ಅನಿಸುತ್ತದೆ. ಒಣಗಿದ ಮೇಲೆ, ಉಳಿದಿರುವ ಎಣ್ಣೆ ಮತ್ತೆ ಹಿಡಿದುಕೊಳ್ಳುತ್ತದೆ. ಗಾಜು ವಾಪಸ್ ಹಾಕುವ ಮೊದಲು ಒಂದು ರಾತ್ರಿ ಹಾಗೇ ಬಿಡಿ, ಮೇಲೆ ಧೂಳು ಬೀಳದಂತೆ ಲೋಟ ಮುಚ್ಚಿ. ನನ್ನದು ಬೆಳಿಗ್ಗೆ ಮೊದಲ ಒತ್ತಿಗೆ ತಡವರಿಸಿತು. ಇನ್ನೊಂದು ಸುತ್ತು ಒರೆಸಿದ ಮೇಲೆ ನೆಟ್ಟಗಾಯಿತು. ಅಪರ್ಚರಿಗೂ ಅದೇ ಪರೀಕ್ಷೆ: ಪ್ರತಿ ಅಂಕಿಗೂ ಬಿಯಲ್ಲಿ ಶಟರ್ ತೆರೆದು ಹಿಂದಿನಿಂದ ತೂತಿನ ಅಳತೆ ನೋಡಬೇಕು. 1.7ರಿಂದ 16ರವರೆಗೆ ಕ್ರಮವಾಗಿ ಚಿಕ್ಕದಾಗುತ್ತಾ ಹೋಗಬೇಕು.

ವೇಗ ಅಳೆಯಲು ಫೋನಿನ ಸ್ಲೋ ಮೋಷನ್ ಸಾಕು. ಸೆಕೆಂಡಿಗೆ 240 ಫ್ರೇಮ್ ಇಟ್ಟು, ಲೆನ್ಸಿನ ಮುಂದೆ ದೀಪ ಹಚ್ಚಿ, ಹಿಂದಿನಿಂದ ರೆಕಾರ್ಡ್ ಮಾಡಿ. 1/4ರಲ್ಲಿ ಬೆಳಕು 60 ಫ್ರೇಮ್ ಕಾಣಬೇಕು, 1/15ರಲ್ಲಿ 16, 1/30ರಲ್ಲಿ 8, 1/60ರಲ್ಲಿ 4. ಅದಕ್ಕಿಂತ ಜೋರಿನ ವೇಗಗಳು ಈ ಬಗೆಯಲ್ಲಿ ಅಳತೆಗೆ ಸಿಗುವುದಿಲ್ಲ. ನನ್ನ ಕ್ಯಾಮೆರಾದ 1/4ಕ್ಕೆ 75 ಫ್ರೇಮ್ ಬಂತು. ಅಂದರೆ ಮೂರನೇ ಒಂದು ಸ್ಟಾಪ್ ನಿಧಾನ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧ). ಉಳಿದವು ಸರಿ. ನಿಧಾನ ವೇಗಗಳನ್ನು ಒಂದು ಸಣ್ಣ ಹಲ್ಲುಚಕ್ರದ ಸಾಲು ನಡೆಸುತ್ತದೆ, ಒತ್ತಿದಾಗ ‘ಝೀಂ’ ಅನ್ನುವುದು ಅದೇ. ಅದನ್ನು ತಲುಪಲು ಶಟರನ್ನೇ ಹೊರತೆಗೆಯಬೇಕು. ಮೂರನೇ ಒಂದು ಸ್ಟಾಪಿಗಾಗಿ ಅಷ್ಟು ದೂರ ಹೋಗುವುದು ವ್ಯರ್ಥ. ಕಲರ್ ನೆಗೆಟಿವ್ ಫಿಲ್ಮ್ ಒಂದು ಸ್ಟಾಪ್ ಜಾಸ್ತಿ ಬೆಳಕನ್ನೂ ಸದ್ದಿಲ್ಲದೆ ತಡೆದುಕೊಳ್ಳುತ್ತದೆ.

ಸೆಲ್ಫ್ ಟೈಮರ್ ಸನ್ನೆ ಮುಟ್ಟಲೇ ಇಲ್ಲ. ಹಳೆಯ ಕ್ಯಾಮೆರಾದಲ್ಲಿ ಅದು ಅರ್ಧಕ್ಕೆ ನಿಂತರೆ ಶಟರನ್ನೂ ಹಿಡಿದುಕೊಂಡು ಕೂರುತ್ತದೆ. ಕೊಳ್ಳುವಾಗಲೂ ಅದನ್ನು ಪರೀಕ್ಷೆ ಮಾಡಲು ಹೋಗಬೇಡಿ.

ಎರಡಾಗಿ ಕಾಣುವ ಗೋಪುರ

ದೂರ ಅಳೆದು ಫೋಕಸ್ ಮಾಡಲು ನೆರವಾಗುವ ರೇಂಜ್‌ಫೈಂಡರಿನಲ್ಲಿ ನಡುವಿನ ಹಳದಿ ಚೌಕದೊಳಗೆ ಎರಡು ಬಿಂಬ ಕಾಣುತ್ತದೆ. ಅವೆರಡೂ ಒಂದಾದರೆ ಫೋಕಸ್. ನಾನು ಫೋಕಸ್ ರಿಂಗನ್ನು ಅನಂತಕ್ಕೆ (ಅತಿ ದೂರದ ಗುರುತಿಗೆ) ಇಟ್ಟು ತುಂಬ ದೂರದ ಗೋಪುರ ನೋಡಿದೆ. ಬಿಂಬಗಳು ಅಕ್ಕಪಕ್ಕ ಸ್ವಲ್ಪ ಬೇರೆ ಇದ್ದವು. ಮೇಲೆ ಕೆಳಗೆ ವ್ಯತ್ಯಾಸ ಇರಲಿಲ್ಲ.

ಇಲ್ಲಿ ಕೈ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಸುಳ್ಳು ಹೇಳುತ್ತಿರುವುದು ರೇಂಜ್‌ಫೈಂಡರೋ, ಲೆನ್ಸೋ? ಲೆನ್ಸೇ ತಪ್ಪಿದ್ದು ನೀವು ರೇಂಜ್‌ಫೈಂಡರ್ ತಿರುಗಿಸಿದರೆ, ಕಣ್ಣಿಗೆ ಎಲ್ಲ ಸರಿ ಕಾಣುತ್ತದೆ, ಫೋಟೊಗಳೆಲ್ಲ ಮಸುಕು ಬರುತ್ತವೆ. ಆದ್ದರಿಂದ ಮೊದಲು ಲೆನ್ಸ್ ಪರೀಕ್ಷೆ. ಹಿಂಬಾಗಿಲು ತೆರೆದು, ಫಿಲ್ಮ್ ಕೂರುವ ಒಳಗಿನ ಹಳಿಗಳ ಮೇಲೆ ಮಬ್ಬು ಪಾರದರ್ಶಕ ಟೇಪನ್ನು ಬಿಗಿಯಾಗಿ ಹಚ್ಚಿ. ವೇಗ ಬಿ, ಅಪರ್ಚರ್ 1.7, ಬಟನ್ ಒತ್ತಿ ಹಿಡಿಯಿರಿ. ಲಾಕ್ ಆಗುವ ಕೇಬಲ್ ರಿಲೀಸ್ ಇದ್ದರೆ ಕೈ ನೋಯುವುದಿಲ್ಲ. ಟೇಪಿನ ಮೇಲೆ ತಲೆಕೆಳಗಾದ ಚಿತ್ರ ಮೂಡುತ್ತದೆ. ಭೂತಗನ್ನಡಿಯಲ್ಲಿ ನೋಡಿದೆ. ಅನಂತದಲ್ಲಿ ಗೋಪುರ ಚೂಪಾಗಿತ್ತು. ಲೆನ್ಸ್ ನಿರಪರಾಧಿ.

ವ್ಯೂಫೈಂಡರಿನ ಮಂಜು ಹೇಗೂ ಒರೆಸಬೇಕಿತ್ತು. ಹಾಗಾಗಿ ಮೇಲಿನ ಕವಚ ಎತ್ತುವುದು ಅನಿವಾರ್ಯವಾಯಿತು. ಜಪಾನಿ ಕ್ಯಾಮೆರಾಗಳ ಸ್ಕ್ರೂಗಳು ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಅಳತೆಯವು. ಸಾಧಾರಣ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರದೆ ಜಾರಿ ತಲೆಯನ್ನು ತಿಂದುಹಾಕುತ್ತದೆ. ಈ ಒಂದು ಉಪಕರಣಕ್ಕೆ ಜಿಪುಣತನ ಮಾಡಬೇಡಿ. ಫಿಲ್ಮನ್ನು ವಾಪಸ್ ಸುತ್ತುವ ರಿವೈಂಡ್ ಕ್ರ್ಯಾಂಕ್ ಬಿಚ್ಚಲು, ಬಾಗಿಲೊಳಗಿನ ಕವಲಿಗೆ ಮರದ ಕಡ್ಡಿ ಅಡ್ಡ ಇಟ್ಟು ಮೇಲಿನಿಂದ ಎಡಕ್ಕೆ ತಿರುಗಿಸಬೇಕು. ಆಮೇಲೆ ಲಿವರ್ ಮೇಲಿನ ಮುಚ್ಚಳ, ಆಮೇಲೆ ಸುತ್ತಲಿನ ಸ್ಕ್ರೂಗಳು. ತೆಗೆದದ್ದನ್ನು ತೆಗೆದ ಕ್ರಮದಲ್ಲೇ ಟೇಪಿಗೆ ಅಂಟಿಸಿ, ಪ್ರತಿ ಹಂತಕ್ಕೂ ಫೋನಿನಲ್ಲಿ ಒಂದು ಫೋಟೊ. ಕವಚವನ್ನು ಗಬಕ್ಕನೆ ಎತ್ತಬೇಡಿ, ಫ್ಲ್ಯಾಶ್ ಶೂಗೆ ಹೋಗುವ ತಂತಿ ಕಿತ್ತುಬರುತ್ತದೆ.

ಒಳಗೆ ಓರೆಯಾಗಿ ನಿಂತಿರುವ ಅರೆಪಾರದರ್ಶಕ ಕನ್ನಡಿ ಇದೆ. ಅದರ ಲೇಪನ ಎಷ್ಟು ನಾಜೂಕು ಅಂದರೆ ಒಮ್ಮೆ ಒರೆಸಿದರೆ ಹತ್ತಿಯ ಜೊತೆಗೇ ಬಂದುಬಿಡಬಹುದು. ಬಂದರೆ ಹಳದಿ ಚೌಕದ ಬಿಂಬ ಶಾಶ್ವತವಾಗಿ ಮಾಯ. ಅದಕ್ಕೆ ರಬ್ಬರ್ ಊದುಗದಿಂದ ಗಾಳಿ ಬಿಟ್ಟೆ, ಅಷ್ಟೇ. ಮುಂದಿನ ಕಿಟಕಿ, ಕಣ್ಣಿಡುವ ಗಾಜುಗಳ ಒಳಮೈಯನ್ನು ಮಾತ್ರ ಲೆನ್ಸ್ ದ್ರವದಿಂದ ಒರೆಸಿದೆ. ಮಂಜು ಬಹುಪಾಲು ಇದ್ದದ್ದೇ ಅಲ್ಲಿ.

ಬಿಂಬವನ್ನು ಪಕ್ಕಕ್ಕೆ ಸರಿಸುವ ಸಣ್ಣ ಸ್ಕ್ರೂ ರೇಂಜ್‌ಫೈಂಡರಿನ ಬಳಿ ಇದೆ. ಕೂದಲೆಳೆಯಷ್ಟು ತಿರುಗಿಸಿದರೂ ಗೋಪುರ ಸರಿಯುತ್ತದೆ. ಯಾವುದು ಆ ಸ್ಕ್ರೂ ಅಂತ ಖಚಿತವಾಗುವವರೆಗೂ, ಮುಟ್ಟಿದ ಪ್ರತಿ ಸ್ಕ್ರೂವಿನ ಮೂಲ ಸ್ಥಾನವನ್ನು ಸೂಜಿಮೊನೆಯಿಂದ ಗುರುತು ಮಾಡಿಕೊಳ್ಳಿ. ಅನಂತ ಸರಿಯಾದ ಮೇಲೆ, ಅಳತೆ ಟೇಪ್ ಹಿಡಿದು 1 ಮೀಟರ್ ದೂರಕ್ಕೂ ನೋಡಿದೆ. ಸರಿ ಇತ್ತು. ಸ್ಕ್ರೂ ತಲೆಗೆ ಒಂದು ಚುಕ್ಕಿ ಉಗುರು ಬಣ್ಣ ಹಚ್ಚಿ ಮುಚ್ಚಿದೆ.

ಪರೀಕ್ಷೆಯ ರೋಲು

ಐಎಸ್‌ಒ 200ರ ಕಲರ್ ನೆಗೆಟಿವ್ ಹಾಕಿದೆ. ಮೊದಲ ರೋಲಿನಲ್ಲಿ ಚಂದದ ಫೋಟೊ ತೆಗೆಯುವ ಆಸೆ ಬೇಡ. ಪ್ರತಿ ಫ್ರೇಮಿನ ವೇಗ, ಅಪರ್ಚರ್ ಬರೆದಿಟ್ಟುಕೊಳ್ಳಿ. ಮೋಡ ಕವಿದ ದಿನ ಒಂದೇ ಗೋಡೆಯನ್ನು ಹೀಗೆ ತೆಗೆದೆ: 1/500ಕ್ಕೆ ಎಫ್/4, 1/250ಕ್ಕೆ 5.6, 1/125ಕ್ಕೆ 8, 1/60ಕ್ಕೆ 11, 1/30ಕ್ಕೆ 16. ಎಲ್ಲದರಲ್ಲೂ ಫಿಲ್ಮಿಗೆ ಬೀಳುವ ಬೆಳಕು ಒಂದೇ. ಹಾಗಾಗಿ ಐದೂ ನೆಗೆಟಿವ್ ಒಂದೇ ದಟ್ಟಣೆ ಇರಬೇಕು. 1/500ರದ್ದು ಮಾತ್ರ ಸ್ವಲ್ಪ ದಟ್ಟವಾಗಿ ಬಂತು, ಅಂದರೆ ಬೆಳಕು ಜಾಸ್ತಿ ಬಿದ್ದಿದೆ. ಈ ವಯಸ್ಸಿನ ಲೀಫ್ ಶಟರುಗಳಲ್ಲಿ ತುದಿಯ ವೇಗ ಹಿಂದೆ ಬೀಳುವುದು ಮಾಮೂಲು. 1/500 ಅಂತ ಬರೆದದ್ದು 1/350ರ ಆಸುಪಾಸು ಓಡಿದರೆ ಅರ್ಧ ಸ್ಟಾಪ್ ವ್ಯತ್ಯಾಸ. ಬಿಟ್ಟುಬಿಟ್ಟೆ.

ಫೋಕಸಿಗೆ, ಓರೆಯಾಗಿ ಇಟ್ಟ ಸ್ಕೇಲನ್ನು 1.7ರಲ್ಲಿ, 1 ಮೀಟರಿನಿಂದ ತೆಗೆದೆ. ಗುರಿಯಿಟ್ಟ ಗೀಟೇ ಚೂಪಾಗಿತ್ತು.

ನೆಗೆಟಿವ್ ಓದುವಾಗ ಪ್ರಿಂಟ್ ಅಥವಾ ಸ್ಕ್ಯಾನ್ ಮಾತ್ರ ನೋಡಬೇಡಿ, ಫಿಲ್ಮ್ ಪಟ್ಟಿಯನ್ನೇ ಬೆಳಕಿಗೆ ಹಿಡಿಯಿರಿ. ಬೆಳಕು ಸೋರಿದ ಕಲೆ ಫ್ರೇಮಿನ ಆಚೆ, ಫಿಲ್ಮಿನ ಅಂಚಿನ ತೂತುಗಳ ಮೇಲೂ ಹರಡಿದ್ದರೆ ಸೋರಿಕೆ ಹಿಂಬಾಗಿಲಿನದ್ದು. ಕಲೆ ಫ್ರೇಮಿನ ಚೌಕದೊಳಗೇ ನಿಂತಿದ್ದರೆ ಅದು ಶಟರ್ ಅಥವಾ ಲೆನ್ಸ್ ಕಡೆಯದ್ದು. ಕ್ಯಾಮೆರಾದೊಳಗೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ ಅನ್ನುವುದನ್ನೂ ನೆನಪಿಡಿ. ಆಕಾಶದ ಕಡೆ ಕಲೆ ಇದ್ದರೆ ನೋಡಬೇಕಾದ್ದು ಕ್ಯಾಮೆರಾದ ಕೆಳಗಿನ ಕಾಲುವೆ. ನನ್ನ ಪಟ್ಟಿಯಲ್ಲಿ ಕೆಲವು ಫ್ರೇಮುಗಳ ಒಂದು ಪಕ್ಕದಲ್ಲಿ ಕಿತ್ತಳೆ ಬಣ್ಣದ ಮಬ್ಬು ಇತ್ತು, ತೂತುಗಳನ್ನೂ ದಾಟಿತ್ತು. ಕ್ಯಾಮೆರಾವನ್ನು ಬಿಸಿಲಲ್ಲಿ ಇಟ್ಟು ಮಾತಾಡುತ್ತಾ ನಿಂತಿದ್ದಾಗಿನ ಫ್ರೇಮುಗಳೇ ಅವು. ಕೀಲಿನ ಕಡೆಯ ಫೆಲ್ಟ್ ಸಾಲುತ್ತಿಲ್ಲ ಅಂತಾಯಿತು. ಅದರ ಮೇಲೆ ಇನ್ನೊಂದು ಪದರ ಹಚ್ಚಿದೆ. ಮುಂದಿನ ರೋಲಿನಲ್ಲಿ ಮಬ್ಬು ಇರಲಿಲ್ಲ.

ಫ್ರೇಮುಗಳ ನಡುವಿನ ಅಂತರ ಒಂದೇ ಸಮ ಇತ್ತು. ಒಂದರ ಮೇಲೊಂದು ಬಿದ್ದಿದ್ದರೆ ಲಿವರಿನ ಚಕ್ರಗಳ ಕಡೆ ಅನುಮಾನ ಪಡಬೇಕಿತ್ತು.

ಈಗ ಕ್ಯಾಮೆರಾ ಫೋಟೊ ಕಲಿಯಲು ಹೊರಟ ಒಬ್ಬರ ಕೈಗೆ ಹೋಗುತ್ತಿದೆ. ಅವರಿಗೆ ಬರೆದುಕೊಟ್ಟದ್ದು ಇಷ್ಟೇ: ಹೊರಗಡೆ 1/250, ನೆರಳಲ್ಲಿ 1/125, ಒಳಗೆ 1/30, ರಿಂಗ್ ‘ಎ’ಯಲ್ಲಿ. ಸೂಜಿ ಕೆಂಪಿಗೆ ಹೋದರೆ ವೇಗ ಬದಲಿಸಿ, ಬಟನ್ ಮೇಲೆ ಬಲ ಹಾಕಬೇಡಿ. ಫಿಲ್ಮ್ ಹಾಕುವಾಗ ತುದಿಯನ್ನು ಗುರುತಿನವರೆಗೆ ಎಳೆದು ಬಾಗಿಲು ಮುಚ್ಚಿದರೆ ಸಾಕು, ಮುಂದಿನದನ್ನು ಕ್ಯೂಎಲ್ (ಕ್ವಿಕ್ ಲೋಡಿಂಗ್) ವ್ಯವಸ್ಥೆ ನೋಡಿಕೊಳ್ಳುತ್ತದೆ. ಆದರೂ ಲಿವರ್ ಎಳೆಯುವಾಗ ರಿವೈಂಡ್ ಕ್ರ್ಯಾಂಕ್ ಮೇಲೆ ಒಂದು ಕಣ್ಣಿರಲಿ. ಅದು ತಿರುಗುತ್ತಿದ್ದರೆ ಫಿಲ್ಮ್ ಸಾಗುತ್ತಿದೆ. ತಿರುಗದಿದ್ದರೆ ಮೊದಲು ಕ್ರ್ಯಾಂಕನ್ನು ಮೆಲ್ಲಗೆ ಸುತ್ತಿ ಸಡಿಲ ತೆಗೆಯಿರಿ. ಆಮೇಲೂ ತಿರುಗದಿದ್ದರೆ ಬಾಗಿಲು ತೆರೆದು ಮತ್ತೆ ಹಾಕಿ, ಹಾಳಾಗುವುದು ಹೆಚ್ಚೆಂದರೆ ಮೊದಲ ಎರಡು ಮೂರು ಫ್ರೇಮು.